ಕಪ್ಪೆಯ ಅಂಡಕೋಶದಲ್ಲಿ ಬಾಯಿ ಕಟ್ಟಿದ ಸಂದೇಶ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಒಂದು ಪುಟ್ಟ ಪ್ಯಾರಾ ಇದೆ. ತಂಬಾಕಿನ ಬೇರಿಗೆ ಗಂಟು ಹಾಕುವ ಮೆಲಾಯ್ಡೊಗೈನ್ ಎಂಬ ಜಂತುಹುಳು, ಅದರ ವಂಶವಾಹಿಯನ್ನು ಗಿಡದೊಳಗೆ ಸೇರಿಸುವುದು, ಅಲ್ಲಿ ಸೆನ್ಸ್ ಮತ್ತು ಆಂಟಿಸೆನ್ಸ್ ಎಂಬ ಎರಡು ಆರ್‌ಎನ್‌ಎ ಎಳೆಗಳು ಹುಟ್ಟಿ ಒಂದಕ್ಕೊಂದು ಅಂಟಿಕೊಳ್ಳುವುದು, ಕೊನೆಗೆ ಹುಳುವಿನ ಸಂದೇಶ ಮೌನವಾಗುವುದು. ಚಿಕ್ಕಮಗಳೂರಿನ ನಮ್ಮ ಮಕ್ಕಳು ಇದನ್ನು ಉರು ಹೊಡೆದು ಅಂಕ ಪಡೆಯುತ್ತಾರೆ. ಅವರಲ್ಲಿ ಅನೇಕರು ಅಪ್ಪನ ತೋಟದಲ್ಲಿ ಕಾಳುಮೆಣಸಿನ ಬೇರು ಕಿತ್ತು ಅದೇ ಹುಳು ಮಾಡಿದ ಗಂಟುಗಳನ್ನು ಕಣ್ಣಾರೆ ಕಂಡವರು. ಆದರೂ ಪುಸ್ತಕದ ಹುಳುವಿಗೂ ತೋಟದ ಹುಳುವಿಗೂ ನಂಟು ಬೆಳೆಯುವುದು ಅಪರೂಪ.

ಒಮ್ಮೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳಿಂದ ಒಂದು ಪ್ರಶ್ನೆ ಬಂತು: “ಸರ್, ಒಂದು ಎಳೆಯ ಮೇಲೆ ಇನ್ನೊಂದು ಅಂಟಿಕೊಂಡರೆ ಕೋಶ ಅದನ್ನು ಬಿಡಿಸಿ ಹಾಕುವುದಿಲ್ಲವೇ?” ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ಆದರೆ ಆ ಅಧ್ಯಾಯದಲ್ಲಿ ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ತಂಬಾಕಿನಲ್ಲೂ ಅಲ್ಲ, ಹುಳುವಿನಲ್ಲೂ ಅಲ್ಲ, ಕಪ್ಪೆಯ ಅಂಡಕೋಶದಲ್ಲಿ. ಕೆಲವು ಕೋಶಗಳು ನಿಜಕ್ಕೂ ಬಿಡಿಸಿಯೇ ಹಾಕುತ್ತವೆ.

ಮೊದಲು ಸಂದೇಶ ಎಂದರೇನು ಎಂಬುದನ್ನು ಬೇಗ ಮುಗಿಸಿಬಿಡೋಣ. ಕೋಶಕೇಂದ್ರದಲ್ಲಿರುವ ಡಿಎನ್‌ಎ ಅಲ್ಲಿಂದ ಹೊರಗೆ ಬರುವುದಿಲ್ಲ. ಬೇಕಾದ ಭಾಗದ ನಕಲು ಎಂಆರ್‌ಎನ್‌ಎ ರೂಪದಲ್ಲಿ ಹೊರಬರುತ್ತದೆ. ರೈಬೋಸೋಮ್‌ಗಳು ಅದನ್ನು ಮೂರು ಮೂರು ಅಕ್ಷರಗಳಂತೆ ಓದಿ, ಅಮೈನೋ ಆಮ್ಲಗಳನ್ನು ಸಾಲಾಗಿ ಜೋಡಿಸಿ ಪ್ರೋಟೀನ್ ಕಟ್ಟುತ್ತವೆ. ಆರ್‌ಎನ್‌ಎಯಲ್ಲಿ ನಾಲ್ಕೇ ಅಕ್ಷರಗಳು: ಎ, ಯು, ಜಿ, ಸಿ. ಎ ಕೂಡುವುದು ಯು ಜೊತೆ, ಜಿ ಕೂಡುವುದು ಸಿ ಜೊತೆ. ಎಂಆರ್‌ಎನ್‌ಎ ಒಂಟಿ ಎಳೆ. ಓದಿಸಿಕೊಳ್ಳಬೇಕಾದರೆ ಅದು ಒಂಟಿಯಾಗಿಯೇ ಇರಬೇಕು. ಅದರ ಪ್ರತಿ ಅಕ್ಷರಕ್ಕೂ ಜೋಡಿಯಾಗುವ ಇನ್ನೊಂದು ಎಳೆಯನ್ನು ತಂದು ಅಂಟಿಸಿದರೆ ಓದು ನಿಲ್ಲಬೇಕು. ಆ ಎರಡನೆಯ ಎಳೆಯೇ ಆಂಟಿಸೆನ್ಸ್ ಆರ್‌ಎನ್‌ಎ.

ಒಂದು ನಿಜವಾದ ಸಾಲನ್ನೇ ನೋಡೋಣ. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಬೀಟಾ ಗ್ಲೋಬಿನ್ ಪ್ರೋಟೀನಿನ ಸಂದೇಶ ಹೀಗೆ ಶುರುವಾಗುತ್ತದೆ: ಎಯುಜಿ, ಜಿಯುಜಿ, ಸಿಎಯು, ಸಿಯುಜಿ, ಎಸಿಯು. ಎಯುಜಿ ಎಂದರೆ ‘ಇಲ್ಲಿಂದ ಓದು’ ಎಂಬ ಗುರುತು. ಮೊದಲ ಅಮೈನೋ ಆಮ್ಲ ಮೆಥಿಯೊನಿನ್. ಇದರ ಕೆಳಗೆ ಜೋಡಿ ಅಕ್ಷರಗಳನ್ನು ಬರೆದರೆ ಯುಎಸಿ, ಸಿಎಸಿ, ಜಿಯುಎ, ಜಿಎಸಿ, ಯುಜಿಎ ಬರುತ್ತದೆ. ಆದರೆ ಆರ್‌ಎನ್‌ಎ ಎಳೆಗೆ ತಲೆ ಮತ್ತು ಬಾಲ ಇವೆ, ಜೋಡಿಯಾಗುವ ಎಳೆಗಳು ಎದುರುಬದುರಾಗಿ ಮಲಗುತ್ತವೆ. ಆದ್ದರಿಂದ ಆಂಟಿಸೆನ್ಸ್ ಎಳೆಯನ್ನು ಅದರ ತಲೆಯಿಂದ ಓದಿದರೆ ಸಿಗುವುದು ಎಜಿಯು, ಸಿಎಜಿ, ಎಯುಜಿ, ಸಿಎಸಿ, ಸಿಎಯು. ನಡುವೆ ಮತ್ತೆ ಒಂದು ಎಯುಜಿ ಕಾಣಿಸಿತಲ್ಲ? ಮೂಲದಲ್ಲಿದ್ದ ಸಿಎಯು ತಿರುಗಿ ಬಂದ ರೂಪ ಅದು. ಅಲ್ಲಿಂದ ಓದಲು ಹೊರಟರೂ ಗ್ಲೋಬಿನ್‌ಗೆ ಸಂಬಂಧಿಸಿದ ಯಾವುದೂ ಹುಟ್ಟುವುದಿಲ್ಲ. ಮಕ್ಕಳು ಈ ತಿರುವುಮುರುವನ್ನು ಒಮ್ಮೆ ಕೈಯಾರೆ ಬರೆದು ನೋಡಬೇಕು. ಆಂಟಿಸೆನ್ಸ್ ಎಂದರೆ ಮೂಲ ಸಾಲನ್ನು ಬರಿದೇ ಹಿಂದುಮುಂದಾಗಿ ಬರೆದದ್ದು ಎಂದುಕೊಂಡವರೇ ಹೆಚ್ಚು.

ಈ ಉಪಾಯ ಮನುಷ್ಯರು ಕಂಡುಹಿಡಿದದ್ದಲ್ಲ. ಬ್ಯಾಕ್ಟೀರಿಯಾಗಳ ಒಳಗಿನ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳು ತಮ್ಮ ಸಂಖ್ಯೆಯನ್ನು ಹತೋಟಿಯಲ್ಲಿಡಲು ಇದನ್ನೇ ಬಳಸುತ್ತವೆ ಎಂದು 1981ರಲ್ಲೇ ಜುನ್-ಇಚಿ ತೊಮಿಜಾವಾ ತೋರಿಸಿದ್ದರು. ಅದಕ್ಕೂ ಮೊದಲು, 1978ರಲ್ಲಿ, ಪಾಲ್ ಜಮೆಕ್ನಿಕ್ ಮತ್ತು ಮೇರಿ ಸ್ಟೀಫನ್‌ಸನ್ ಕೋಳಿಯ ಕೋಶಗಳಲ್ಲಿ ರೌಸ್ ಸಾರ್ಕೋಮಾ ವೈರಸ್ ಬೆಳೆಯದಂತೆ ತಡೆಯಲು 13 ಅಕ್ಷರಗಳ ಡಿಎನ್‌ಎ ತುಣುಕನ್ನು ಬಳಸಿದ್ದರು. ಅಂದರೆ ಕಲ್ಪನೆ ಹಳೆಯದೇ. ಕೊರತೆ ಇದ್ದದ್ದು ಅದನ್ನು ಅಳೆದು ನೋಡಬಹುದಾದ ಒಂದು ಜಾಗಕ್ಕೆ. ಎಷ್ಟು ಸಂದೇಶ ಹಾಕಿದೆವು, ಎಷ್ಟು ಆಂಟಿಸೆನ್ಸ್ ಹಾಕಿದೆವು, ಎಷ್ಟು ಪ್ರೋಟೀನ್ ಬಂತು ಎಂಬ ಲೆಕ್ಕ ಒಂದೇ ಕೋಶದೊಳಗೆ ಸಿಗಬೇಕಿತ್ತು.

ಕಪ್ಪೆ ಬರುವುದು ಇಲ್ಲಿ.

ಮಲೆನಾಡಿನವರಿಗೆ ಕಪ್ಪೆಯ ಮೊಟ್ಟೆ ಹೊಸದಲ್ಲ. ಮಳೆ ಹಿಡಿದ ಮೇಲೆ ಗದ್ದೆಯ ನೀರಿನಲ್ಲಿ ಲೋಳೆಯೊಳಗೆ ಕಪ್ಪು ಚುಕ್ಕಿಗಳಂತೆ ತೇಲುವುದನ್ನು ನೋಡಿದ್ದೇವೆ. ಮೂಡಿಗೆರೆ, ಕೊಪ್ಪದ ಕಡೆ ತೋಟದ ಕೆರೆಯ ಮೇಲೆ ಬಾಗಿದ ಕೊಂಬೆಗಳಲ್ಲಿ ಹಾರುವ ಕಪ್ಪೆ ಕಟ್ಟುವ ನೊರೆಗೂಡುಗಳೂ ಗೊತ್ತು. ಗೊದಮೊಟ್ಟೆಗಳು ಅಲ್ಲಿಂದ ಜಾರಿ ನೀರಿಗೆ ಬೀಳುತ್ತವೆ. ಆದರೆ ಈ ಪ್ರಯೋಗದ ಅಂಡಕೋಶ ಅದಲ್ಲ. ಇದು ಇಟ್ಟ ಮೊಟ್ಟೆಯಲ್ಲ, ಇನ್ನೂ ಹೆಣ್ಣು ಕಪ್ಪೆಯ ಅಂಡಾಶಯದಲ್ಲೇ ಇರುವ, ಲೋಳೆ ಸುತ್ತಿಕೊಳ್ಳದ, ಬಲಿಯುವ ಕೊನೆಯ ಹಂತಕ್ಕೆ ಕಾಯುತ್ತಿರುವ ಊಸೈಟ್. ಫಲಿತವಾದ ಮೊಟ್ಟೆ ಕೆಲವೇ ಗಂಟೆಗಳಲ್ಲಿ ಎರಡು, ನಾಲ್ಕು, ಎಂಟು ಎಂದು ಸೀಳಿಕೊಳ್ಳುತ್ತ ಹೋಗುತ್ತದೆ. ಊಸೈಟ್ ಹಾಗಲ್ಲ, ದಿನಗಟ್ಟಲೆ ವಿಭಜಿಸದೆ ಇರುತ್ತದೆ, ಒಳಗೆ ಹಾಕಿದ್ದು ಹಂಚಿಹೋಗುವುದಿಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳಿ. ಇಡೀ ಕಥೆ ತಿರುಗುವುದು ಇದರ ಮೇಲೆಯೇ.

ಕಪ್ಪೆ ಕೂಡ ನಮ್ಮ ಊರಿನದಲ್ಲ. ಆಫ್ರಿಕಾದ ಉಗುರುಗಪ್ಪೆ, ಜೆನೋಪಸ್ ಲೇವಿಸ್. ವರ್ಷವಿಡೀ ನೀರಿನಲ್ಲೇ ಇದ್ದು ತೊಟ್ಟಿಯಲ್ಲಿ ಸುಲಭವಾಗಿ ಸಾಕಬಹುದಾದ ಪ್ರಾಣಿ. ಪ್ರಯೋಗಾಲಯಗಳಿಗೆ ಅದು ಬಂದ ದಾರಿಯೇ ಸ್ವಾರಸ್ಯಕರ. 1930ರ ದಶಕದಲ್ಲಿ ಲ್ಯಾನ್ಸ್‌ಲಾಟ್ ಹಾಗ್‌ಬೆನ್ ಅವರ ಕೆಲಸದಿಂದ ಈ ಕಪ್ಪೆ ಗರ್ಭಪರೀಕ್ಷೆಯ ಸಾಧನವಾಯಿತು. ಗರ್ಭಿಣಿಯ ಮೂತ್ರವನ್ನು ಚುಚ್ಚಿದರೆ ಹೆಣ್ಣು ಕಪ್ಪೆ ಕೆಲವು ಗಂಟೆಗಳಲ್ಲಿ ಮೊಟ್ಟೆ ಇಡುತ್ತಿತ್ತು. ಇದರಿಂದಾಗಿ ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಕಪ್ಪೆಯ ತೊಟ್ಟಿಗಳಿದ್ದವು, ಜೀವಶಾಸ್ತ್ರಜ್ಞರಿಗೆ ಪ್ರಾಣಿ ಕೈಗೆಟುಕಿತು. ವಿಜ್ಞಾನದಲ್ಲಿ ಯಾವ ಪ್ರಾಣಿ ಪ್ರಸಿದ್ಧವಾಗುತ್ತದೆ ಎಂಬುದಕ್ಕೆ ಆಳವಾದ ಕಾರಣ ಹುಡುಕಬೇಕಿಲ್ಲ, ಯಾವುದು ತೊಟ್ಟಿಯಲ್ಲಿ ಸಾಯದೆ ಇರುತ್ತದೆ ಎಂದು ನೋಡಿದರೆ ಸಾಕು.

ಆ ಊಸೈಟಿನ ವ್ಯಾಸ ಸುಮಾರು 1.2 ಮಿಲಿಮೀಟರ್. ಬರಿಗಣ್ಣಿಗೆ ಕಾಣುತ್ತದೆ: ಅರ್ಧ ಕಂದುಗಪ್ಪು, ಅರ್ಧ ಕೆನೆಬಣ್ಣ. ನಮ್ಮ ದೇಹದ ಸಾಮಾನ್ಯ ಕೋಶಕ್ಕಿಂತ ಗಾತ್ರದಲ್ಲಿ ಲಕ್ಷ ಪಟ್ಟು ದೊಡ್ಡದು. ಒಳಗೆ ಮುಂದೆ ಹುಟ್ಟಲಿರುವ ಭ್ರೂಣಕ್ಕಾಗಿ ಕೂಡಿಟ್ಟ ರೈಬೋಸೋಮ್‌ಗಳ ಸಂಖ್ಯೆ ಸುಮಾರು ಒಂದು ಲಕ್ಷ ಕೋಟಿ. ಅಷ್ಟು ಓದುಗರು ಕೆಲಸಕ್ಕಾಗಿ ಕಾದಿರುವಾಗ ಹೊರಗಿನಿಂದ ಒಂದು ಸಂದೇಶ ಹಾಕಿದರೆ? 1971ರಲ್ಲಿ ಜಾನ್ ಗರ್ಡನ್ ಮತ್ತು ಸಂಗಡಿಗರು ಮೊಲದ ಹಿಮೋಗ್ಲೋಬಿನ್‌ನ ಸಂದೇಶವನ್ನು ಕಪ್ಪೆಯ ಊಸೈಟಿಗೆ ಚುಚ್ಚಿದರು. ಕಪ್ಪೆಯ ಕೋಶ ಮರುಮಾತಿಲ್ಲದೆ ಮೊಲದ ಗ್ಲೋಬಿನ್ ತಯಾರಿಸಿತು. ಸಂದೇಶ ಯಾವ ಪ್ರಾಣಿಯದು ಎಂದು ರೈಬೋಸೋಮ್ ಕೇಳುವುದಿಲ್ಲ ಎಂಬುದು ಅಂದು ಬೆಚ್ಚಿಬೀಳಿಸುವ ಸುದ್ದಿಯಾಗಿತ್ತು. ಗರ್ಡನ್‌ಗೆ 2012ರಲ್ಲಿ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ, ಬಲಿತ ಕೋಶದ ಕೇಂದ್ರದಿಂದ ಹೊಸ ಕಪ್ಪೆ ಬೆಳೆಸಿದ್ದಕ್ಕೆ. ನನ್ನನ್ನು ಕೇಳಿದರೆ ಈ ಗ್ಲೋಬಿನ್ ಪ್ರಯೋಗವೂ ಅದಕ್ಕೇನೂ ಕಡಿಮೆಯಲ್ಲ.

ಈಗ ಕೆಲಸ ನಡೆಯುವ ರೀತಿಯನ್ನು ಹತ್ತಿರದಿಂದ ನೋಡೋಣ. ಕಪ್ಪೆಗೆ ಅರಿವಳಿಕೆ ಕೊಟ್ಟು ಹೊಟ್ಟೆಯಲ್ಲಿ ಸಣ್ಣ ಸೀಳು ಮಾಡಿ ಅಂಡಾಶಯದ ಒಂದು ತುಂಡನ್ನು ತೆಗೆಯುತ್ತಾರೆ. ಸೀಳು ಹೊಲಿದ ಮೇಲೆ ಕಪ್ಪೆ ಮತ್ತೆ ತೊಟ್ಟಿಗೆ ಹೋಗುತ್ತದೆ. ಹಿಂದೆ ನಮ್ಮ ಕಾಲೇಜುಗಳಲ್ಲಿ ಮೇಣದ ತಟ್ಟೆಯ ಮೇಲೆ ಗುಂಡುಪಿನ್ನು ಚುಚ್ಚಿ ನಡೆಯುತ್ತಿದ್ದ ಛೇದನಕ್ಕಿಂತ ಇದು ಎಷ್ಟೋ ಸೌಮ್ಯ. ಅಂಡಾಶಯದ ತುಂಡಿನಲ್ಲಿ ಊಸೈಟ್‌ಗಳು ತೆಳುವಾದ ಪೊರೆಗಳಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ಅದ್ದಿಟ್ಟರೆ, ಇಲ್ಲವೇ ಸೂಕ್ಷ್ಮ ಚಿಮಟಿಗೆಯಿಂದ ಬಿಡಿಸಿದರೆ, ಒಂದೊಂದಾಗಿ ಉದುರುತ್ತವೆ. ಅವನ್ನು ಉಪ್ಪಿನ ದ್ರಾವಣದಲ್ಲಿ ಸುಮಾರು 18 ಡಿಗ್ರಿ ತಂಪಿನಲ್ಲಿಡಬೇಕು. ಚಿಕ್ಕಮಗಳೂರಿನ ಚಳಿಗಾಲದ ಬೆಳಗಿಗೆ ಒಗ್ಗುವ ಜೀವ.

ಚುಚ್ಚುವ ಸೂಜಿ ಗಾಜಿನದು. ಗಾಜಿನ ಸಪೂರ ನಳಿಕೆಯನ್ನು ಕಾಯಿಸಿ ಎಳೆದರೆ ತುದಿ ಕೂದಲಿಗಿಂತ ತೆಳ್ಳಗಾಗುತ್ತದೆ. ಊಸೈಟ್ ಉರುಳದಂತೆ ಜಾಲರಿಯ ಮೇಲೆ ಕೂರಿಸಿ, ಸೂಕ್ಷ್ಮದರ್ಶಕದ ಕೆಳಗೆ ಸೂಜಿಯನ್ನು ಒತ್ತುತ್ತಾರೆ. ಮೇಲ್ಮೈ ಮೊದಲು ಒಳಕ್ಕೆ ಗುಳಿ ಬೀಳುತ್ತದೆ, ಸೂಜಿ ಹೊಕ್ಕ ಕೂಡಲೇ ಗುಳಿ ಪಟ್ಟನೆ ಮರಳಿ ಉಬ್ಬುತ್ತದೆ. ಆಗ ಸುಮಾರು 50 ನ್ಯಾನೋಲೀಟರ್ ದ್ರಾವಣ ಒಳಗೆ ಬಿಡಬೇಕು, ಅಂದರೆ ಒಂದು ಮಿಲಿಲೀಟರಿನ ಇಪ್ಪತ್ತು ಸಾವಿರದಲ್ಲೊಂದು ಪಾಲು. ಜಾಸ್ತಿ ಬಿಟ್ಟರೆ ಕೋಶ ಸೋರುತ್ತದೆ. ಇದಾದ ಮೇಲೆ ಸುತ್ತಲಿನ ದ್ರಾವಣಕ್ಕೆ ವಿಕಿರಣಶೀಲ ಗಂಧಕ-35 ಇರುವ ಮೆಥಿಯೊನಿನ್ ಸೇರಿಸುತ್ತಾರೆ. ಹೊಸದಾಗಿ ಕಟ್ಟಿದ ಪ್ರೋಟೀನ್‌ಗಳಲ್ಲಿ ಮಾತ್ರ ಅದು ಸೇರಿಕೊಳ್ಳುತ್ತದೆ. ಆಮೇಲೆ ಕೋಶವನ್ನು ಅರೆದು, ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಎಕ್ಸ್-ರೇ ಫಿಲ್ಮ್ ಮೇಲಿಟ್ಟರೆ ಕಪ್ಪು ಗೆರೆಗಳು ಮೂಡುತ್ತವೆ. ಗ್ಲೋಬಿನ್ ಇರಬೇಕಾದ ಕಡೆ ಗೆರೆ ಇದೆಯೋ ಇಲ್ಲವೋ, ಇಷ್ಟೇ ನೋಡಬೇಕಾದದ್ದು.

ಆಂಟಿಸೆನ್ಸ್ ಆರ್‌ಎನ್‌ಎಯನ್ನು ಬೇಕಾದಷ್ಟು ತಯಾರಿಸುವುದೇ ಬಹುಕಾಲ ತಲೆನೋವಾಗಿತ್ತು. ಅದು ಸುಲಭವಾದದ್ದು 1984ರಲ್ಲಿ, ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಮತ್ತು ಸಂಗಡಿಗರು ಎಸ್‌ಪಿ6 ಎಂಬ ವೈರಸ್ಸಿನ ಕಿಣ್ವವನ್ನು ಕೆಲಸಕ್ಕೆ ಹಚ್ಚಿದಾಗ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಕಾಡುವ ಈ ವೈರಸ್ಸಿನ ಕಿಣ್ವಕ್ಕೆ ಒಂದು ಹಠವಿದೆ: ತನ್ನದೇ ಗುರುತಿನ ಡಿಎನ್‌ಎ ತುಣುಕು ಕಂಡರೆ ಮಾತ್ರ ಅಲ್ಲಿಂದ ನಕಲು ತೆಗೆಯಲು ಶುರು ಮಾಡುತ್ತದೆ. ಆ ಗುರುತಿನ ಮುಂದೆ ಗ್ಲೋಬಿನ್ ವಂಶವಾಹಿಯನ್ನು ನೆಟ್ಟಗೆ ಇಟ್ಟರೆ ಮೂಲ ಸಂದೇಶ ಸಿಗುತ್ತದೆ, ತಿರುಗಿಸಿ ಇಟ್ಟರೆ ಆಂಟಿಸೆನ್ಸ್ ಸಿಗುತ್ತದೆ. ಪರೀಕ್ಷಾ ನಳಿಕೆಯಲ್ಲೇ ಶುದ್ಧ ಆರ್‌ಎನ್‌ಎ ಬರುತ್ತದೆ.

ಮರುವರ್ಷ, 1985ರಲ್ಲಿ, ಮೆಲ್ಟನ್ ಅದನ್ನು ಊಸೈಟಿಗೆ ಚುಚ್ಚಿ ಪ್ರಕಟಿಸಿದ ಫಲಿತಾಂಶ ಈ ಕ್ಷೇತ್ರದ ಅಡಿಗಲ್ಲು. ಗ್ಲೋಬಿನ್ ಸಂದೇಶದ ಜೊತೆ ಅದರ ಆಂಟಿಸೆನ್ಸ್ ಕೂಡ ಇದ್ದರೆ ಗ್ಲೋಬಿನ್ ಗೆರೆ ಮಾಯವಾಯಿತು. ಕಪ್ಪೆಯ ಸ್ವಂತ ಪ್ರೋಟೀನ್‌ಗಳ ಗೆರೆಗಳು ಎಂದಿನಂತೆಯೇ ಇದ್ದವು. ಕೋಶದಿಂದ ಆರ್‌ಎನ್‌ಎ ತೆಗೆದು ನೋಡಿದರೆ ಎರಡು ಎಳೆಗಳು ಜೊತೆಗೂಡಿದ್ದವು, ಅಂದರೆ ಜೋಡಣೆ ನಡೆದದ್ದು ನಿಜ. ಅದೇ ವರ್ಷ ರಿಚರ್ಡ್ ಹಾರ್ಲೆಂಡ್ ಮತ್ತು ಹೆರಾಲ್ಡ್ ವೈನ್‌ಟ್ರಾಬ್ ಕೂಡ ಕಪ್ಪೆಯ ಊಸೈಟ್‌ಗಳಲ್ಲೇ ಇದೇ ತೀರ್ಮಾನಕ್ಕೆ ಬಂದರು.

ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ಅವು ಹೇಳದೆ ಬಿಡುವ ಸಂಗತಿ ಏನೆಂದರೆ, ಸಂದೇಶದ ಯಾವ ಭಾಗಕ್ಕೆ ಅಂಟಿಸುತ್ತೇವೆ ಎಂಬುದು ಬಹಳ ಮುಖ್ಯ. ಸಂದೇಶದ ತಲೆಯ ಕಡೆ, ಓದು ಶುರುವಾಗುವ ಜಾಗವನ್ನು ಮುಚ್ಚುವ ಆಂಟಿಸೆನ್ಸ್ ಚೆನ್ನಾಗಿ ಕೆಲಸ ಮಾಡಿತು. ಬಾಲದ ಕಡೆಗೆ ಮಾತ್ರ ಅಂಟುವ ತುಣುಕು ಅಷ್ಟು ಪ್ರಯೋಜನಕ್ಕೆ ಬರಲಿಲ್ಲ. ಎರಡೂ ಸಮನಾಗಿ ಅಂಟುತ್ತವೆ, ಆದರೂ ಫಲ ಬೇರೆ. ಕಾರಣ ರೈಬೋಸೋಮ್ ಕೆಲಸ ಮಾಡುವ ಕ್ರಮದಲ್ಲಿದೆ. ಅದು ಎರಡು ಹೋಳುಗಳ ಯಂತ್ರ. ಮೊದಲು ಸಣ್ಣ ಹೋಳು ಒಂದೇ ಬಂದು ಸಂದೇಶದ ತಲೆಯಲ್ಲಿರುವ ‘ಟೋಪಿ’ಯನ್ನು ಹಿಡಿದು, ಎಯುಜಿ ಸಿಗುವ ತನಕ ತಡಕಾಡುತ್ತ ಸಾಗುತ್ತದೆ. ಸಿಕ್ಕ ಮೇಲೆ ದೊಡ್ಡ ಹೋಳು ಬಂದು ಕೂಡಿಕೊಂಡು ಪ್ರೋಟೀನ್ ಕಟ್ಟುವ ಕೆಲಸ ಶುರುವಾಗುತ್ತದೆ. ಒಂಟಿ ಸಣ್ಣ ಹೋಳಿಗೆ ಉದ್ದನೆಯ ಜೋಡಿ ಎಳೆ ಎದುರಾದರೆ ಬಿಡಿಸುವ ಶಕ್ತಿ ಸಾಲದು. ಇಡೀ ರೈಬೋಸೋಮ್‌ಗೆ ಆ ಶಕ್ತಿ ಇದೆ. ಚಾರ್ಮಾಡಿ ಘಾಟಿಯಲ್ಲಿ ಮರ ಬಿದ್ದರೆ ಬೈಕು ಅಲ್ಲೇ ನಿಲ್ಲುತ್ತದೆ, ಜೆಸಿಬಿ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ; ಹಾಗೆ. ಆದ್ದರಿಂದ ತಡೆಯಬೇಕಾದರೆ ಜೆಸಿಬಿ ಆಗುವ ಮೊದಲೇ ತಡೆಯಬೇಕು.

ಇನ್ನೆರಡು ಮಿತಿಗಳಿವೆ. ಆಂಟಿಸೆನ್ಸ್ ಎಳೆಗಳು ಸಂದೇಶಕ್ಕಿಂತ ಹಲವು ಪಟ್ಟು ಹೆಚ್ಚಿರಬೇಕು. ಕೋಶರಸದ ಗೊಂದಲದಲ್ಲಿ ಪ್ರತಿ ಸಂದೇಶಕ್ಕೂ ಅದರ ಜೋಡಿ ಸಿಗಲೇಬೇಕು ಎಂದರೆ ಸಮಸಮ ಹಾಕಿದರೆ ಸಾಲದು. ಎರಡನೆಯದು, ಆಂಟಿಸೆನ್ಸ್ ತಡೆಯುವುದು ಇನ್ನು ಮುಂದೆ ಆಗಲಿರುವ ತಯಾರಿಕೆಯನ್ನು ಮಾತ್ರ. ಊಸೈಟ್ ತಿಂಗಳುಗಟ್ಟಲೆ ಕೂಡಿಟ್ಟ ಪ್ರೋಟೀನನ್ನು ಅದು ಮುಟ್ಟುವುದಿಲ್ಲ. ‘ಈ ವಂಶವಾಹಿಯನ್ನು ಮೌನಗೊಳಿಸಿದೆವು, ಕೋಶಕ್ಕೆ ಏನೂ ಆಗಲಿಲ್ಲ, ಹಾಗಾದರೆ ಅದು ಬೇಕಿಲ್ಲ’ ಎಂದು ಯಾರಾದರೂ ಬರೆದರೆ, ಹಳೆಯ ದಾಸ್ತಾನು ಎಷ್ಟಿತ್ತು ಎಂದು ಕೇಳದೆ ಒಪ್ಪಬಾರದು.

ಹಾಗೆಯೇ ನಿಯಂತ್ರಣ ಪ್ರಯೋಗಗಳು. ಗೆರೆ ಮಾಯವಾದದ್ದು ಸೂಜಿಯ ಗಾಯದಿಂದ ಇರಬಹುದು, ಆರ್‌ಎನ್‌ಎಯ ಹೊರೆಯಿಂದ ಇರಬಹುದು. ಹಾಗಾಗಿ ಬರೀ ನೀರು ಚುಚ್ಚಿದ ಊಸೈಟ್ ಬೇಕು, ಸಂಬಂಧವೇ ಇಲ್ಲದ ಬೇರೆ ಆಂಟಿಸೆನ್ಸ್ ಚುಚ್ಚಿದ್ದು ಬೇಕು. ಎಲ್ಲಕ್ಕಿಂತ ಗಟ್ಟಿ ಪುರಾವೆ ಇನ್ನೊಂದು: ಅದೇ ಪ್ರೋಟೀನಿಗೆ ಬೇರೆ ಅಕ್ಷರಗಳಲ್ಲಿ ಬರೆದ ಸಂದೇಶವನ್ನು ಆಮೇಲೆ ಚುಚ್ಚುವುದು. ಆಂಟಿಸೆನ್ಸ್ ಅದಕ್ಕೆ ಅಂಟಲಾರದು, ಪ್ರೋಟೀನ್ ಮತ್ತೆ ಬರುತ್ತದೆ, ಕೆಟ್ಟದ್ದು ಸರಿಯಾಗುತ್ತದೆ. ಸರಿಯಾಗದಿದ್ದರೆ ಮೊದಲಿನ ತೀರ್ಮಾನವನ್ನೇ ಅನುಮಾನಿಸಬೇಕು. 1995ರಲ್ಲಿ ಸು ಗುವೊ ಮತ್ತು ಕೆನೆತ್ ಕೆಂಫ್ಯೂಸ್ ಒಂದು ಹುಳುವಿನ ಮೇಲೆ ಆಂಟಿಸೆನ್ಸ್ ಪ್ರಯೋಗ ಮಾಡಿದಾಗ, ಹೋಲಿಕೆಗೆಂದು ಹಾಕಿದ ಸೆನ್ಸ್ ಎಳೆಯೂ, ಅಂದರೆ ಮೂಲ ಸಂದೇಶದ್ದೇ ಪ್ರತಿಯೂ, ಅಷ್ಟೇ ಕೆಲಸ ಮಾಡಿತು. ಆಗಬಾರದಿತ್ತು. ಆ ಒಗಟನ್ನು ಬಿಡಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಆರ್‌ಎನ್‌ಎ ಹಸ್ತಕ್ಷೇಪವನ್ನು ಕಂಡುಹಿಡಿದರು, 2006ರಲ್ಲಿ ನೊಬೆಲ್ ಪಡೆದರು. ಪಿಯುಸಿ ಪುಸ್ತಕದ ಜಂತುಹುಳುವಿನ ಕಥೆ ಈ ಕೊಂಬೆಯದು. ಅಲ್ಲಿ ಜೋಡಿ ಎಳೆಯನ್ನು ಕೋಶವೇ ತುಂಡರಿಸಿ, ಆ ತುಂಡುಗಳ ಸಹಾಯದಿಂದ ಸಂದೇಶವನ್ನು ಹುಡುಕಿ ಕತ್ತರಿಸುತ್ತದೆ. ಕಪ್ಪೆಯ ಊಸೈಟಿನಲ್ಲಿ ಮೆಲ್ಟನ್ ಕಂಡದ್ದು ಬರೀ ಅಡ್ಡಗಟ್ಟುವಿಕೆ. ಎರಡನ್ನೂ ಒಂದೇ ಎಂದು ಬರೆಯುವವರು ಬಹಳ ಮಂದಿ.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಊಸೈಟಿನಲ್ಲಿ ಗೆದ್ದ ಮೇಲೆ ಮುಂದಿನ ಹೆಜ್ಜೆ ಸಹಜವಾಗಿಯೇ ಭ್ರೂಣ. ಫಲಿತವಾದ ಮೊಟ್ಟೆಗೆ ಆಂಟಿಸೆನ್ಸ್ ಚುಚ್ಚಿ, ಯಾವ ವಂಶವಾಹಿ ಇಲ್ಲದಿದ್ದರೆ ಗೊದಮೊಟ್ಟೆಗೆ ತಲೆ ಬರುವುದಿಲ್ಲ, ಬೆನ್ನು ಬರುವುದಿಲ್ಲ ಎಂದು ನೋಡುವ ಆಸೆ. ಆದರೆ ಅಲ್ಲಿ ತಂತ್ರ ಕೈಕೊಟ್ಟಿತು. ಅದೇ ಕಪ್ಪೆ, ಅದೇ ಅಂಡಕೋಶ, ಕೆಲವು ಗಂಟೆಗಳ ವ್ಯತ್ಯಾಸ ಅಷ್ಟೇ. 1987ರಲ್ಲಿ ರೆಬಾಗ್ಲಿಯಾಟಿ ಮತ್ತು ಮೆಲ್ಟನ್ ಒಂದು ಕಡೆ, ಬ್ರೆಂಡಾ ಬಾಸ್ ಮತ್ತು ವೈನ್‌ಟ್ರಾಬ್ ಇನ್ನೊಂದು ಕಡೆ, ಕಾರಣವನ್ನು ಹಿಡಿದರು. ಮೊಟ್ಟೆ ಮತ್ತು ಎಳೆಯ ಭ್ರೂಣದಲ್ಲಿ ಜೋಡಿ ಆರ್‌ಎನ್‌ಎಯನ್ನು ಬಿಡಿಸುವ ಏನೋ ಒಂದು ಇತ್ತು. ಚುಚ್ಚಿದ ಜೋಡಿ ಎಳೆ ಜೆಲ್‌ನಲ್ಲಿ ಒಂಟಿ ಎಳೆಗಳಾಗಿ ಕಾಣುತ್ತಿತ್ತು.

ಬಿಡಿಸುವುದೆಂದರೆ ಎಳೆದು ಬೇರೆ ಮಾಡುವುದು ಎಂದೇ ಮೊದಲು ಎಲ್ಲರೂ ತಿಳಿದರು. ಒಂದು ಸಣ್ಣ ಸಂಗತಿ ಮಾತ್ರ ಹೊಂದುತ್ತಿರಲಿಲ್ಲ. ಬರೀ ಎಳೆದು ಬೇರ್ಪಡಿಸಿದ್ದರೆ, ಆ ಒಂಟಿ ಎಳೆಗಳನ್ನು ಹೊರತೆಗೆದು ನಳಿಕೆಯಲ್ಲಿ ಮತ್ತೆ ಒಟ್ಟಿಗೆ ಇಟ್ಟಾಗ ಅವು ಮತ್ತೆ ಕೂಡಬೇಕಿತ್ತು. ಕೂಡಲಿಲ್ಲ. ಎಳೆಗಳೇ ಬದಲಾಗಿದ್ದವು. 1988ರಲ್ಲಿ ಗುಟ್ಟು ಹೊರಬಿತ್ತು: ಒಂದು ಕಿಣ್ವ ಜೋಡಿ ಎಳೆಯಲ್ಲಿರುವ ಎ ಅಕ್ಷರಗಳನ್ನು ಇನೊಸಿನ್ ಎಂಬ ಬೇರೆಯೇ ಅಕ್ಷರಕ್ಕೆ ತಿರುಗಿಸುತ್ತಿತ್ತು. ಉದ್ದನೆಯ ಜೋಡಿಯಲ್ಲಿ ಎಗಳ ಅರ್ಧದಷ್ಟು ಹೀಗೆ ಬದಲಾಗಬಹುದು. ಇನೊಸಿನ್‌ಗೆ ಯು ಜೊತೆ ಗಟ್ಟಿ ನಂಟಿಲ್ಲ. ಜೋಡಿ ಅಲ್ಲಲ್ಲಿ ಸಡಿಲವಾಗಿ ಕಳಚಿಕೊಳ್ಳುತ್ತದೆ, ಮತ್ತೆ ಕೂಡುವುದೂ ಇಲ್ಲ. ಕೋಶ ಗಂಟನ್ನು ಬಿಚ್ಚುತ್ತಿರಲಿಲ್ಲ, ಅಕ್ಷರಗಳನ್ನೇ ತಿದ್ದುತ್ತಿತ್ತು.

ಹಾಗಾದರೆ ಊಸೈಟಿನಲ್ಲಿ ಈ ಕಿಣ್ವ ಇರಲಿಲ್ಲವೇ? ಇತ್ತು. ಆದರೆ ಅದರ ಬೃಹತ್ ಕೋಶಕೇಂದ್ರದ ಒಳಗೆ ಬಂಧಿಯಾಗಿತ್ತು. ಆಂಟಿಸೆನ್ಸ್ ಕೆಲಸ ನಡೆಯುವುದು ಹೊರಗಿನ ಕೋಶರಸದಲ್ಲಿ. ಊಸೈಟ್ ಬಲಿತು ಮೊಟ್ಟೆಯಾಗುವಾಗ ಕೋಶಕೇಂದ್ರದ ಪೊರೆ ಒಡೆಯುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನು ಹಾಕಿದರೆ ತಟ್ಟೆಯಲ್ಲೇ ಇದನ್ನು ನೋಡಬಹುದು. ಕೆಲವು ಗಂಟೆಗಳಲ್ಲಿ ಕಪ್ಪು ಅರ್ಧದ ನೆತ್ತಿಯ ಮೇಲೆ ಒಂದು ಬಿಳಿ ಚುಕ್ಕಿ ಮೂಡುತ್ತದೆ. ಆ ಚುಕ್ಕಿ ಮೂಡಿತೆಂದರೆ ಪೊರೆ ಒಡೆಯಿತು, ಕಿಣ್ವ ಕೋಶರಸಕ್ಕೆ ಹರಡಿತು ಎಂದರ್ಥ. ಅಲ್ಲಿಂದ ಮುಂದೆ ಉದ್ದನೆಯ ಆಂಟಿಸೆನ್ಸ್ ಆರ್‌ಎನ್‌ಎಗೆ ಉಳಿಗಾಲವಿಲ್ಲ.

ಪ್ರಯೋಗ ಸೋತ ಕಡೆ ಇಷ್ಟು ದೊಡ್ಡ ಸಂಗತಿ ಸಿಕ್ಕಿದ್ದನ್ನು ನಾನು ಮಕ್ಕಳಿಗೆ ಒತ್ತಿ ಹೇಳುತ್ತೇನೆ. ಈ ಕಿಣ್ವಕ್ಕೆ ಆಮೇಲೆ ಎಡಾರ್ ಎಂದು ಹೆಸರಾಯಿತು. ಅದು ಕಪ್ಪೆಯಲ್ಲಷ್ಟೇ ಅಲ್ಲ, ನಮ್ಮ ಮಿದುಳಿನಲ್ಲೂ ದಿನವಿಡೀ ಕೆಲಸ ಮಾಡುತ್ತಿದೆ. ನರಕೋಶಗಳ ಗ್ಲುಟಮೇಟ್ ಗ್ರಾಹಿಯ ಸಂದೇಶದಲ್ಲಿ ಒಂದೇ ಒಂದು ಎಯನ್ನು ಅದು ತಿದ್ದದಿದ್ದರೆ ಇಲಿಮರಿಗಳು ಫಿಟ್ಸ್ ಬಂದು ಸಾಯುತ್ತವೆ. ಡಿಎನ್‌ಎಯಲ್ಲಿ ಬರೆದದ್ದೇ ಕೊನೆಯ ಮಾತು ಎಂಬ ನಂಬಿಕೆಗೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ.

ಕಪ್ಪೆಯವರು ಸುಮ್ಮನೆ ಕೂರಲಿಲ್ಲ. ಉದ್ದನೆಯ ಆರ್‌ಎನ್‌ಎ ಬೇಡ, 15–20 ಅಕ್ಷರಗಳ ಡಿಎನ್‌ಎ ತುಣುಕು ಸಾಕು ಎಂದರು. ಡಿಎನ್‌ಎ ತುಣುಕು ಸಂದೇಶಕ್ಕೆ ಅಂಟಿಕೊಂಡರೆ ಊಸೈಟಿನಲ್ಲಿರುವ ಆರ್‌ಎನ್‌ಏಸ್ ಎಚ್ ಎಂಬ ಕಿಣ್ವ ಬಂದು ಸಂದೇಶವನ್ನೇ ಕತ್ತರಿಸಿ ಹಾಕುತ್ತದೆ. ಇಲ್ಲಿ ಮುಚ್ಚುವುದಲ್ಲ, ತುಂಡು ಮಾಡುವುದು. ಬಾಲದ ಕಡೆ ಅಂಟಿದರೂ ಕೆಲಸ ಆಗುತ್ತದೆ. 1988ರಲ್ಲಿ ನೊರಿಯುಕಿ ಸಗಾಟಾ ಅವರ ತಂಡ ಇದೇ ದಾರಿಯಲ್ಲಿ ಸಿ-ಮಾಸ್ ಎಂಬ ಪ್ರೋಟೀನಿನ ತಯಾರಿಕೆ ತಡೆದಾಗ, ಪ್ರೊಜೆಸ್ಟರಾನ್ ಹಾಕಿದರೂ ಊಸೈಟ್ ಬಲಿಯಲಿಲ್ಲ. ಕ್ಯಾನ್ಸರ್ ವಂಶವಾಹಿಗಳ ಪಟ್ಟಿಯಲ್ಲಿ ಕುಳಿತಿದ್ದ ಒಂದು ಹೆಸರಿಗೆ ಅಂಡಕೋಶದಲ್ಲಿ ನಿಜವಾದ ಉದ್ಯೋಗ ಏನೆಂದು ಆಗ ತಿಳಿಯಿತು. 1994ರಲ್ಲಿ ಜಾನೆಟ್ ಹೀಸ್ಮನ್ ಮತ್ತು ಸಂಗಡಿಗರು ಊಸೈಟಿನಲ್ಲೇ ಬೀಟಾ ಕ್ಯಾಟೆನಿನ್ ಎಂಬ ಪ್ರೋಟೀನಿನ ಸಂದೇಶವನ್ನು ನಾಶಮಾಡಿ, ಆ ಊಸೈಟನ್ನು ಬಲಿಯಿಸಿ, ಇನ್ನೊಂದು ಹೆಣ್ಣು ಕಪ್ಪೆಯ ಹೊಟ್ಟೆಯೊಳಗೆ ಬಿಟ್ಟು, ಅದು ಲೋಳೆ ಸುತ್ತಿ ಹೊರಹಾಕಿದ ಮೇಲೆ ಫಲಿತಗೊಳಿಸಿದರು. ಹುಟ್ಟಿದ ಭ್ರೂಣಗಳಲ್ಲಿ ಬೆನ್ನಿನ ಭಾಗವೇ ರೂಪುಗೊಳ್ಳಲಿಲ್ಲ. ಈ ಪ್ರಯೋಗದ ಕೈಚಳಕವನ್ನು ನೆನೆದರೆ ಈಗಲೂ ತಲೆದೂಗುತ್ತೇನೆ. 2000ದಲ್ಲಿ ಅದೇ ಗುಂಪು ಮಾರ್ಫೊಲಿನೊ ಎಂಬ ಕೃತಕ ತುಣುಕುಗಳನ್ನು ಕಪ್ಪೆಗೆ ತಂದ ಮೇಲೆ ಭ್ರೂಣದಲ್ಲೂ ಕೆಲಸ ಹಗುರವಾಯಿತು. ಮಾರ್ಫೊಲಿನೊ ಆರ್‌ಎನ್‌ಎಯೂ ಅಲ್ಲ, ಡಿಎನ್‌ಎಯೂ ಅಲ್ಲ, ಕಿಣ್ವಗಳು ಅದನ್ನು ತಿನ್ನಲಾರವು.

ತೋಟದವರು ಕೇಳುವುದು ಒಂದೇ, ಇದರಿಂದ ನಮಗೇನು ಎಂದು. ನ್ಯಾಯವಾದ ಪ್ರಶ್ನೆ. ಆಂಟಿಸೆನ್ಸ್ ಬಳಸಿ ಬೇಗ ಮೆತ್ತಗಾಗದಂತೆ ಮಾಡಿದ ಫ್ಲೇವರ್ ಸೇವರ್ ಟೊಮ್ಯಾಟೊ 1994ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು, ಹೆಚ್ಚು ಕಾಲ ಬಾಳಲಿಲ್ಲ. ನಮಗೆ ಹತ್ತಿರದ್ದು 2003ರ ಜಪಾನಿನ ಕೆಲಸ. ಅಲ್ಲಿನ ವಿಜ್ಞಾನಿಗಳು ರೊಬಸ್ಟಾ ಕಾಫಿ ಗಿಡದಲ್ಲಿ ಕೆಫೀನ್ ತಯಾರಿಸುವ ಹಾದಿಯ ಒಂದು ಕಿಣ್ವದ ಸಂದೇಶವನ್ನು ಆರ್‌ಎನ್‌ಎ ಹಸ್ತಕ್ಷೇಪದಿಂದ ಅಡಗಿಸಿ, ಎಳೆಯ ಗಿಡಗಳ ಎಲೆಗಳಲ್ಲಿ ಕೆಫೀನನ್ನು ಗರಿಷ್ಠ ಶೇಕಡಾ 70ರಷ್ಟು ಕಡಿಮೆ ಮಾಡಿದರು. ಕೆಫೀನ್ ಗಿಡಕ್ಕೆ ಕೀಟಗಳ ವಿರುದ್ಧ ರಕ್ಷಣೆಯೂ ಹೌದು. ಕಾಂಡಕೊರಕದ ಕಾಟದಲ್ಲಿ ಬೇಯುತ್ತಿರುವ ನಮ್ಮ ಕಡೆಯವರು ಅಂಥ ಗಿಡವನ್ನು ಸಂತೋಷದಿಂದ ನೆಡುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ.

ಔಷಧದ ಕಡೆ ಹಾದಿ ನಿಧಾನವಾಗಿತ್ತು, ಆದರೆ ಗಟ್ಟಿಯಾಯಿತು. 1998ರಲ್ಲಿ ಏಡ್ಸ್ ರೋಗಿಗಳ ಕಣ್ಣಿನ ವೈರಸ್ ಸೋಂಕಿಗೆ ಫೊಮಿವಿರ್ಸೆನ್ ಎಂಬ ಮೊದಲ ಆಂಟಿಸೆನ್ಸ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2016ರಲ್ಲಿ ಬಂದ ನುಸಿನರ್ಸೆನ್ ಮಕ್ಕಳ ಸ್ನಾಯುಗಳು ಸೊರಗುವ ಒಂದು ವಂಶಪಾರಂಪರ್ಯ ರೋಗಕ್ಕೆ. ಅದು ಯಾವ ಪ್ರೋಟೀನನ್ನೂ ತಡೆಯುವುದಿಲ್ಲ, ಸಂದೇಶವನ್ನು ಸರಿಯಾಗಿ ಹೊಲಿಯುವಂತೆ ಮಾಡಿ, ಇಲ್ಲದ ಪ್ರೋಟೀನನ್ನು ತರಿಸುತ್ತದೆ. ಅಂಟಿಕೊಳ್ಳುವ ಕೆಲಸ ಅದೇ, ಉದ್ದೇಶ ತಿರುವುಮುರುವು.

ಎಡಾರ್ ಕೂಡ ಈಗ ಔಷಧದ ಪಾಳೆಯದಲ್ಲಿದೆ. 1995ರಲ್ಲಿ ಟಾಡ್ ವುಲ್ಫ್ ಮತ್ತು ಸಂಗಡಿಗರು ಒಂದು ತಲೆಕೆಳಗಾದ ಆಲೋಚನೆ ಮಾಡಿದರು. ಆಂಟಿಸೆನ್ಸ್ ಹಾಕಿದರೆ ಈ ಕಿಣ್ವ ಬಂದು ಎಯನ್ನು ತಿದ್ದುತ್ತದೆ ತಾನೇ? ಹಾಗಾದರೆ ಸಂದೇಶದಲ್ಲಿ ತಪ್ಪಾಗಿ ಸೇರಿರುವ ಒಂದು ಎಯ ಮೇಲೆ ಬೇಕೆಂದೇ ಆಂಟಿಸೆನ್ಸ್ ಅಂಟಿಸಿ ಅದನ್ನು ಕರೆಸಿಕೊಂಡರೆ? ಕಪ್ಪೆಯ ಭ್ರೂಣಗಳಲ್ಲೇ ಮಾಡಿ ನೋಡಿದರು, ಓದನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದ ತಪ್ಪು ಗುರುತು ತಿದ್ದಿಕೊಂಡಿತು. ಮನುಷ್ಯರಲ್ಲಿ ಇದು ನಡೆದ ಮೊದಲ ಫಲಿತಾಂಶವನ್ನು 2024ರಲ್ಲಿ ವೇವ್ ಲೈಫ್ ಸೈನ್ಸಸ್ ಕಂಪನಿ ಪ್ರಕಟಿಸಿತು. ಶ್ವಾಸಕೋಶವನ್ನೂ ಯಕೃತ್ತನ್ನೂ ಕೆಡಿಸುವ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆಯ ರೋಗಿಗಳಲ್ಲಿ, ಸಂದೇಶದ ಜಿಎಜಿ ಇರಬೇಕಾದ ಕಡೆ ಎಎಜಿ ಇರುತ್ತದೆ. ಚುಚ್ಚಿದ ತುಣುಕು ಯಕೃತ್ತಿನ ಕೋಶಗಳಲ್ಲಿ ಆ ಜಾಗಕ್ಕೆ ಅಂಟಿಕೊಂಡಾಗ ರೋಗಿಯದೇ ಎಡಾರ್ ಬಂದು ಮೊದಲ ಎಯನ್ನು ಇನೊಸಿನ್ ಮಾಡಿತು. ರೈಬೋಸೋಮ್ ಇನೊಸಿನ್ ಅನ್ನು ಜಿ ಎಂದೇ ಓದುತ್ತದೆ, ಹಾಗಾಗಿ ಸರಿಯಾದ ಪ್ರೋಟೀನ್ ಆ ರೋಗಿಗಳ ರಕ್ತದಲ್ಲಿ ಕಾಣಿಸಿಕೊಂಡಿತು.